ಕೆರಾನಾಳ ಎರಡು ಗಂಟೆ

ಯಾವೊರ್ನಿತ್ಸಾ ಊರಿನಲ್ಲಿ ಬರೀ ಕೆರಾನಾ ಎಂದು ಕೇಳಿದರೆ ಯಾವ ಕೆರಾನಾ ಎಂದು ತಿರುಗಿ ಕೇಳುತ್ತಿದ್ದರು. ಕರೆಂಟ್ ಕೆರಾನಾ ಎಂದರೆ ಮಕ್ಕಳೂ ಕೈ ಚಾಚಿ ಮನೆ ತೋರಿಸುತ್ತಿದ್ದರು. ಇಪ್ಪತ್ತಾರು ವರ್ಷ ಆ ಊರಿನ ಮನೆಮನೆಯ ಮೀಟರ್ ಓದಿ, ಬಿಲ್ಲು ಬರೆದು, ವಸೂಲಿ ಮಾಡಿದವಳು ಅವಳು. ರೊಡೋಪಿ ಬೆಟ್ಟದ ಆ ಕಡಿದಾದ ಮೈಯಲ್ಲಿ ಒಬ್ಬರ ಚಿಮಣಿ ಇನ್ನೊಬ್ಬರ ಹೊಸ್ತಿಲಿನ ಮಟ್ಟಕ್ಕಿರುತ್ತದೆ. ತೊಂಬತ್ತು ಮನೆ ಸುತ್ತಿ ಮುಗಿಸುವಷ್ಟರಲ್ಲಿ ಮೊಣಕಾಲು ಸೋತುಹೋಗುತ್ತಿತ್ತು. ನಾಯಿಗಳು ಅವಳನ್ನು ಎರಡು ಸಲ ಕಚ್ಚಿದ್ದವು. ಮೂರನೆಯ ಸಲ ಮೈಮೇಲೆ ಬಂದ ನಾಯಿಗೆ ಅವಳು ಹೇಗೆ ಬೈದಳೆಂದರೆ, ಆಮೇಲೆ ಅದು ಕರೆಂಟ್ ಕಂಪನಿಯ ನೀಲಿ ಕೋಟು ಕಂಡರೆ ಸಾಕು, ಗೂಡಿನೊಳಕ್ಕೆ ನುಸುಳುತ್ತಿತ್ತು ಎಂದು ಊರವರು ಹೇಳಿಕೊಂಡು ನಗುತ್ತಿದ್ದರು.

ಬಾಯಿ ಜೋರು, ಮನಸ್ಸು ಮೆತ್ತಗೆ. ಚೀಲದಲ್ಲಿ ಮೀಟರ್ ಪುಸ್ತಕದ ಜೊತೆಗೆ ಪಟ್ಟಣದಿಂದ ತಂದ ಮಾತ್ರೆ, ಸೂಜಿ ದಾರ, ಯಾರದೋ ಕನ್ನಡಕ ಇದ್ದೇ ಇರುತ್ತಿದ್ದವು. ಒಂದೊಂದು ಮನೆಯಲ್ಲಿ ಒಂದೊಂದು ಲೋಟ ಕಾಫಿ ಕುಡಿದು ಸುದ್ದಿಯನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸಾಗಿಸುತ್ತಿದ್ದಳು.

"ನಂಗೆ ಯಾರೂ ಚಾಡಿ ಹೇಳಬೇಕಾಗಿಲ್ಲ, ಮೀಟರೇ ಹೇಳ್ತದೆ," ಎನ್ನುತ್ತಿದ್ದಳು. "ಇಬ್ಬರೇ ಇರೋ ಮನೇಲಿ ಎರಡು ರೂಮಿನ ಹೀಟರ್ ಓಡ್ತಾ ಇದ್ರೆ, ಗಂಡ ಹೆಂಡ್ತಿ ಮಾತು ಬಿಟ್ಟಿದ್ದಾರೆ ಅಂತ ಅರ್ಥ."

ಅವಳ ಗಂಡ ಸ್ಲಾವೇಯ್ ಸೀಸದ ಗಣಿಯಲ್ಲಿದ್ದವನು. ಎತ್ತರದ ಆಳು, ಮಾತು ಕಡಿಮೆ, ಆಡಿದರೆ ಒಂದು ಕುಟುಕು. "ನನ್ ಹೆಂಡ್ತಿ ಊರಿಗೆಲ್ಲ ಬೆಳಕು ಕೊಡ್ತಾಳೆ, ಮನೇಲಿ ಮಾತ್ರ ಶಾಕ್," ಎನ್ನುತ್ತಿದ್ದ. ಅವರಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಒಬ್ಬರನ್ನೊಬ್ಬರು ದೂರಿದ್ದನ್ನು ಯಾರೂ ಕೇಳಿಲ್ಲ. ಭಾನುವಾರ ಅವನೇ ಆಲೂಗಡ್ಡೆ ತುರಿದು, ಪುದೀನ ಹಾಕಿ, ದಪ್ಪ ರೊಟ್ಟಿಯಂತೆ ಪತಾತ್ನಿಕ್ ಸುಡುತ್ತಿದ್ದ. ಅದನ್ನು ಬಾಣಲೆಯಲ್ಲಿ ಮಗುಚಿ ಹಾಕುವಾಗ ಕೆರಾನಾ ಕಣ್ಣು ಮುಚ್ಚಿಕೊಳ್ಳಬೇಕಿತ್ತು, ಇಲ್ಲದಿದ್ದರೆ ಒಡೆಯುತ್ತದೆ ಎಂಬುದು ಅವನ ನಂಬಿಕೆ. ಗಣಿಯ ಧೂಳು ಅವನ ಶ್ವಾಸಕೋಶದಲ್ಲಿ ಕೂತಿತ್ತು. ಐವತ್ತೈದಕ್ಕೆ ಮೆಟ್ಟಿಲು ಹತ್ತಲು ಕಷ್ಟವಾಯಿತು, ಅರವತ್ತಕ್ಕೆ ಮಾತಾಡಲು ಕಷ್ಟವಾಯಿತು, ಅರವತ್ತೆರಡಕ್ಕೆ ಆಸ್ಪತ್ರೆಯವರು ಒಂದು ಆಕ್ಸಿಜನ್ ಮಷಿನ್ ಕೊಟ್ಟು ಮನೆಗೆ ಕಳಿಸಿದರು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಅದು ಗುಂಯ್ ಎನ್ನುತ್ತ ಗಾಳಿಯಿಂದ ಆಮ್ಲಜನಕ ಸೋಸಿ ಕೊಡುತ್ತಿತ್ತು. ಕರೆಂಟ್ ಹೋದಾಗ ಇರಲಿ ಎಂದು ಒಂದು ಸಿಲಿಂಡರ್ ಕೂಡ ಕೊಟ್ಟಿದ್ದರು. ಹಿಡಿದು ಬಳಸಿದರೆ ಇಪ್ಪತ್ತು ತಾಸು ಬರುತ್ತಿತ್ತು.

ಈಗ ಆ ಎರಡು ಗಂಟೆಯ ವಿಷಯ ಹೇಳಬೇಕು. ಕೆರಾನಾ ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲೇ ಪಟ್ಟಣದ ಆಫೀಸಿನ ಇಂಜಿನಿಯರ್ ತೊಪಾಲೊವ್ ಅವಳನ್ನು ಕೂರಿಸಿಕೊಂಡು ಪಾಠ ಹೇಳಿದ್ದ. ಕರೆಂಟ್ ಹೋದರೆ ಊರವರೆಲ್ಲ ನಿನ್ನ ಬಾಗಿಲಿಗೇ ಬರುತ್ತಾರೆ, ಏನು ಹೇಳುತ್ತೀಯ ಎಂದು ಕೇಳಿದ.

"ಗೊತ್ತಿಲ್ಲ ಅಂತೀನಿ," ಎಂದಿದ್ದಳು ಕೆರಾನಾ.

"ಅದೊಂದು ಮಾತ್ರ ಆಡಬೇಡ, ತಾಯಿ. ಎರಡು ಗಂಟೆ ಅನ್ನು. ಒಂದು ಅಂದ್ರೆ ನಿನ್ನ ಬಾಗಿಲಲ್ಲೇ ನಿಂತ್ಕೋತಾರೆ, ಮೂರು ಅಂದ್ರೆ ಬೈತಾರೆ. ಎರಡು ಅಂದ್ರೆ ಮನೆಗೆ ಹೋಗ್ತಾರೆ."

ಅದು ನಿಜವೂ ಆಗಿತ್ತು. ಆಗೆಲ್ಲ ಕಂಪನಿ ಸರ್ಕಾರದ್ದು, ಬೆಟ್ಟದ ಆ ಭಾಗಕ್ಕೇ ಹನ್ನೊಂದು ರಿಪೇರಿ ತಂಡಗಳಿದ್ದವು. ಎರಡು ಗಂಟೆ ಎಂದದ್ದು ನಾಲ್ಕಾದರೂ ಹೇಗೋ ಕರೆಂಟ್ ಬರುತ್ತಿತ್ತು. ಕೆರಾನಾ ಇಪ್ಪತ್ತಾರು ವರ್ಷ ಅದನ್ನೇ ಹೇಳಿದಳು. ಯಾರದೋ ಮದುವೆಯ ಮಾಂಸ ಕೆಟ್ಟಿತು, ಯಾರದೋ ಕರೆಂಟ್ ಪೆಟ್ಟಿಗೆಯಲ್ಲಿ ಕಾವಿಗಿಟ್ಟ ಮೊಟ್ಟೆ ಮರಿಯಾಗದೆ ಹೋಯಿತು, ಆದರೂ ಅವಳನ್ನು ಯಾರೂ ಬೈಯಲಿಲ್ಲ. ಹೊಸದಾಗಿ ಆಫೀಸಿಗೆ ಬಂದ ಹುಡುಗರಿಗೂ ಅವಳೇ ಈ ಗುಟ್ಟು ಕಲಿಸಿದಳು. ಅವರಲ್ಲಿ ಲ್ಯೂಬೆನ್ ಎಂಬ ತೆಳ್ಳಗಿನ ಹುಡುಗ ಒಬ್ಬ. ಮುಂದೆ ಅವನು ಜಿಲ್ಲೆಯ ಕಂಟ್ರೋಲ್ ರೂಮಿನಲ್ಲಿ ಫೋನಿನ ಮುಂದೆ ಕೂತ.

ಆಮೇಲೆ ಕಂಪನಿ ಕೈ ಬದಲಾಯಿತು. ಪಟ್ಟಣದ ಆಫೀಸು ಮುಚ್ಚಿತು. ಹನ್ನೊಂದು ತಂಡ ಆರಾಗಿ, ಆರು ಎರಡಾಯಿತು. ಮೀಟರುಗಳನ್ನು ಕಂಬಕ್ಕೆ ಏರಿಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು, ಕೆರಾನಾಳನ್ನು ಮನೆಗೆ ಕಳಿಸಿದರು. ಅವಳು ಪ್ರತಿ ಶರತ್ಕಾಲದಲ್ಲಿ ಪುಸ್ತಕದ ಷರಾ ಅಂಕಣದಲ್ಲಿ "ಒರತೆಯ ಮೇಲಿನ ಬೀಚ್ ಜಾತಿಯ ಮರಗಳು ಲೈನಿನ ಮೇಲೆ ಬಾಗಿವೆ, ಕಡಿಯಬೇಕು" ಎಂದು ಬರೆಯುತ್ತಿದ್ದಳು. ಇನ್ನು ಅದನ್ನು ಬರೆಯುವವರೂ ಇಲ್ಲವಾದರು. ಮರ ಅರಣ್ಯ ಇಲಾಖೆಯದು ಎಂದು ಕಂಪನಿ, ಲೈನು ಕಂಪನಿಯದು ಎಂದು ಅರಣ್ಯ ಇಲಾಖೆ. ಎರಡೂ ಕಡೆಯವರು ಹನ್ನೆರಡು ವರ್ಷ ಪತ್ರ ಬರೆದುಕೊಂಡರು. ಆ ಪತ್ರ ಬರೆಯುವ ಹೊತ್ತಿನಲ್ಲಿ ಒಬ್ಬ ಗುಮಾಸ್ತ ಊಟದ ಚಾಕು ಹಿಡಿದು ಬಂದಿದ್ದರೂ ಆ ಮರಗಳನ್ನು ಕಡಿದು ಮುಗಿಸುತ್ತಿದ್ದ.

ಆ ವರ್ಷದ ಮಾರ್ಚ್ ಆರಂಭದಲ್ಲಿ ಹಿಮ ಬಿತ್ತು. ಒಣ ಹಿಮವಲ್ಲ, ಒದ್ದೆ ಹಿಮ, ಹಸಿ ಕಂಬಳಿಯಂತೆ ಭಾರ. ಬೆಳಿಗ್ಗೆ ಒಂಬತ್ತಕ್ಕೆ ಮೇಲಿನ ಕಾಡಿನಲ್ಲಿ ಮರ ಮುರಿಯುವ ಸದ್ದು ಕೇಳಿತು, ಸ್ಲಾವೇಯ್‌ನ ಮಷಿನ್ ನಿಂತಿತು. ಕೆರಾನಾ ಗಾಬರಿಯಾಗಲಿಲ್ಲ. ಸಿಲಿಂಡರ್ ಜೋಡಿಸಿ ಒಲೆಗೆ ಸೌದೆ ಒಟ್ಟಿದಳು.

ಮಧ್ಯಾಹ್ನ ಅಸೆನ್ ಬಂದ. ಪಕ್ಕದ ಮನೆಯವನು, ಕಾಡಿನಿಂದ ದಿಮ್ಮಿ ಎಳೆಯುವ ಟ್ರ್ಯಾಕ್ಟರ್ ಇಟ್ಟುಕೊಂಡವನು. ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸರಪಳಿ ಕಟ್ಟಿ ಮೇಲಿನ ಕೇರಿಯ ತುಂಬು ಬಸುರಿಯೊಬ್ಬಳನ್ನು ಪಟ್ಟಣದ ಆಸ್ಪತ್ರೆಗೆ ಒಯ್ಯುತ್ತಿದ್ದ.

"ಅಕ್ಕ, ಕ್ಯಾಬಿನ್ನಲ್ಲಿ ಇನ್ನೊಬ್ಬರಿಗೆ ಜಾಗ ಇದೆ. ಸ್ಲಾವೇಯ್ ಅಣ್ಣನ್ನ ಕೂರಿಸಿಬಿಡು. ಸಂಜೆ ಮೇಲೆ ಈ ರಸ್ತೆ ಇರೋದಿಲ್ಲ."

ಕೆರಾನಾ ಕಿಟಕಿಯಿಂದ ಟ್ರ್ಯಾಕ್ಟರ್ ನೋಡಿದಳು. ಬಾಗಿಲು ಸರಿಯಾಗಿ ಮುಚ್ಚದ ಕ್ಯಾಬಿನ್, ಮೂರು ತಾಸಿನ ಕುಲುಕಾಟ, ಮಂಜಿನಂಥ ಗಾಳಿ. ಸ್ಲಾವೇಯ್‌ಗೆ ಅಂಗಳ ದಾಟಿದರೆ ಉಬ್ಬಸ ಬರುತ್ತಿತ್ತು. "ಒಂದ್ ನಿಮಿಷ ತಡಿ," ಎಂದು ಫೋನ್ ಎತ್ತಿ ಕಂಟ್ರೋಲ್ ರೂಮಿಗೆ ತಿರುಗಿಸಿದಳು. ಅವಳ ಪುಣ್ಯಕ್ಕೋ ಪಾಪಕ್ಕೋ ಎತ್ತಿದವನು ಲ್ಯೂಬೆನ್.

"ಲ್ಯೂಬೆನ್, ನಾನು ಕಣೋ, ಯಾವೊರ್ನಿತ್ಸಾ ಕೆರಾನಾ. ನನ್ ಗಂಡ ಮಷಿನ್ ಮೇಲಿದ್ದಾನೆ. ಎಷ್ಟು ಹೊತ್ತಾಗ್ತದೆ ಹೇಳು."

ಆ ಕಡೆ ಅವನ ಹಿಂದೆ ಹತ್ತಾರು ಫೋನು ಹೊಡೆದುಕೊಳ್ಳುವ ಸದ್ದು.

"ಎರಡು ಗಂಟೆ, ಅಕ್ಕ."

ಅವಳು ಫೋನ್ ಇಟ್ಟು ಅಸೆನ್‌ಗೆ ಹೇಳಿದಳು. ಅಸೆನ್ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಅಕ್ಕ, ತಪ್ಪು ತಿಳೀಬೇಡ. ಆ ಎರಡು ಗಂಟೆ ನಾವು ಚಿಕ್ಕೋರಿದ್ದಾಗಿಂದ ಕೇಳಿದ್ದೀವಿ."

"ಅದು ನಿಮಗೆ ಹೇಳೋದು ಕಣೋ," ಎಂದು ಕೆರಾನಾ ರೇಗಿದಳು. "ನನಗೆ ಹಾಗೆ ಹೇಳ್ತಾನಾ ಅವನು? ನಾನು ಅವರವಳು. ಅವನಿಗೆ ಕೆಲಸ ಕಲಿಸಿದೋಳು ನಾನು. ಹೊರಡು ನೀನು, ಆ ಹುಡುಗಿ ಟ್ರ್ಯಾಕ್ಟರಲ್ಲೇ ಹೆತ್ತುಬಿಟ್ಟಾಳು."

ಟ್ರ್ಯಾಕ್ಟರ್ ಹೋಯಿತು. ಸುಳ್ಳು ಹೇಳುವವರಿಗೆ ತಮ್ಮ ಸುಳ್ಳು ಬೇರೆಯವರಿಗಷ್ಟೇ ಎಂಬ ಧೈರ್ಯ ಇರುತ್ತದೆ. ಕೆರಾನಾ ಕೆಟ್ಟವಳಲ್ಲ, ಅಡುಗೆಮನೆಯ ಹಿಂಬಾಗಿಲಿಂದ ಬಂದವರಿಗೆ ಒಳ್ಳೆಯ ತುಂಡು ಸಿಗುತ್ತದೆ ಎಂದು ನಂಬಿದ ಸಾವಿರಾರು ಜನರ ಹಾಗೆ ಅವಳೂ ನಂಬಿದ್ದಳು.

ಮಧ್ಯಾಹ್ನ ಎರಡಕ್ಕೆ ಮತ್ತೆ ಫೋನ್ ಮಾಡಿದಳು. ಎರಡು ಗಂಟೆ ಎಂದರು. ನಾಲ್ಕಕ್ಕೆ ಮಾಡಿದಾಗಲೂ ಎರಡು ಗಂಟೆ ಎಂದರು. ಐದಕ್ಕೆ ಕೆಳಗಿನ ತಿರುವಿನಲ್ಲಿ ಗುಡ್ಡದ ಹಿಮ ಮರಗಳ ಸಮೇತ ರಸ್ತೆಗೆ ಕುಸಿಯಿತು. ಅಸೆನ್ ಪಟ್ಟಣದಲ್ಲೇ ಸಿಕ್ಕಿಕೊಂಡ. ಆರಕ್ಕೆ ಫೋನೂ ಸತ್ತಿತು. ಮಾರನೆಯ ದಿನ ಮುಂಜಾನೆ ಸಿಲಿಂಡರಿನ ಮುಳ್ಳು ಸೊನ್ನೆಗೆ ಬಂತು. ಊರಿನ ಗಂಡಸರು ಸಲಿಕೆ ಹಿಡಿದು ರಸ್ತೆಗಿಳಿದರು, ಸೊಂಟದವರೆಗೆ ಹಿಮದಲ್ಲಿ ಹೂತು ಮಧ್ಯಾಹ್ನ ವಾಪಸು ಬಂದರು.

ಸ್ಲಾವೇಯ್ ದಿಂಬಿಗೆ ಒರಗಿ ಕೂತಿದ್ದ. ತುಟಿ ನೀಲಿಯಾಗಿತ್ತು. ಕಿಟಕಿಯ ಹೊರಗೆ ಹಿಮ ನಿಂತು ಬಿಸಿಲು ಬಂದಿತ್ತು, ಕಣ್ಣು ಕುಕ್ಕುವಷ್ಟು ಬಿಸಿಲು. ಅವನು ಹೆಂಡತಿಯ ಕೈ ಹಿಡಿದುಕೊಂಡು, ಒಂದೊಂದು ಪದಕ್ಕೂ ನಿಂತು ನಿಂತು ಕೇಳಿದ.

"ಇನ್ನು... ಎಷ್ಟು ಹೊತ್ತಂತೆ?"

ಯಾರೂ ಏನೂ ಹೇಳಿರಲಿಲ್ಲ. ಹೇಳಲು ಫೋನೇ ಇರಲಿಲ್ಲ. ಕೆರಾನಾಳ ಬಾಯಿಗೆ ಅದು ತಾನಾಗಿಯೇ ಬಂತು.

"ಎರಡು ಗಂಟೆ," ಎಂದಳು.

ಅವನು ಸರಿ ಎಂಬಂತೆ ಕಣ್ಣು ಮುಚ್ಚಿದ. ಆಮೇಲೆ ಒಂದು ತಾಸೂ ಉಳಿಯಲಿಲ್ಲ.

ರಸ್ತೆ ಇಲ್ಲ, ಪಾದ್ರಿ ಇಲ್ಲ, ಹೆಣವನ್ನು ಬೆಂಕಿಯಿಲ್ಲದ ಕೋಣೆಯಲ್ಲಿ ಮಲಗಿಸಿ ಊರ ಹೆಂಗಸರು ಮೇಣದ ಬತ್ತಿ ಹಚ್ಚಿ ಸರದಿಯ ಮೇಲೆ ಕೂತರು. ಆರನೆಯ ದಿನ ಬೆಳಿಗ್ಗೆ ಕರೆಂಟ್ ಬಂತು. ಯಾರೂ ಸ್ವಿಚ್ ಆರಿಸಿರಲಿಲ್ಲ. ಆಕ್ಸಿಜನ್ ಮಷಿನ್ ತನ್ನಷ್ಟಕ್ಕೆ ಗುಂಯ್ ಎಂದು ಶುರುವಾಯಿತು, ಖಾಲಿ ಹಾಸಿಗೆಯ ಮೇಲೆ ಬಿದ್ದಿದ್ದ ಕೊಳವೆಯಿಂದ ಉಸಿರು ಬಿಡತೊಡಗಿತು. ಕೂತಿದ್ದ ಹೆಂಗಸರು ಹೌಹಾರಿ ಎದ್ದರು. ಕೆರಾನಾ ಮಾತ್ರ ಹೋಗಿ ಅದರ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ಆರಿಸು ಎಂದರೆ ಆರಿಸಲು ಬಿಡಲಿಲ್ಲ, ಮಧ್ಯಾಹ್ನದವರೆಗೆ ಓಡಿಸಿದಳು.

ರಸ್ತೆ ತೆರೆದ ಮೇಲೆ ಡಾಕ್ಟರು ಬಂದು ಮರಣಪತ್ರದಲ್ಲಿ "ದೀರ್ಘಕಾಲದ ಶ್ವಾಸಕೋಶ ಕಾಯಿಲೆ" ಎಂದು ಬರೆದರು, ಪಾದ್ರಿ ಬಂದು ಮಣ್ಣು ಮಾಡಿಸಿದ. ಅದೇ ಸಂಜೆ ಟೀವಿಯಲ್ಲಿ ಉಪಮಂತ್ರಿ ನಗುತ್ತ ಹೇಳಿದ: "ಈ ಹಿಮಪಾತದಲ್ಲಿ ಒಂದೇ ಒಂದು ಜೀವಹಾನಿ ಆಗಿಲ್ಲ. ಮಾರ್ತಾ ಅಜ್ಜಿಗೆ ಸ್ವಲ್ಪ ಸಿಟ್ಟು ಬಂದಿತ್ತು, ಅಷ್ಟೇ." ಆ ದೇಶದಲ್ಲಿ ಮಾರ್ಚ್ ತಿಂಗಳೆಂದರೆ ಮಾರ್ತಾ ಎಂಬ ಮುಂಗೋಪಿ ಮುದುಕಿ, ಮಕ್ಕಳು ಅವಳನ್ನು ಒಲಿಸಿಕೊಳ್ಳಲು ಕೈಗೆ ಕೆಂಪು ಬಿಳಿ ದಾರ ಕಟ್ಟಿಕೊಳ್ಳುತ್ತಾರೆ. ಪಾಪದ ಮುದುಕಿ, ಅವಳಿಗೆ ಚುನಾವಣೆಗೆ ನಿಲ್ಲುವ ಆಸೆಯಿಲ್ಲ, ಹೊರಿಸಿದ್ದನ್ನೆಲ್ಲ ಹೊರುತ್ತಾಳೆ.

"ಒಂದೇ ಒಂದು ಇಲ್ವಂತೆ," ಎಂದಳು ಕೆರಾನಾ. "ಹಾಗಾದ್ರೆ ನಾನು ಹೂತದ್ದು ಯಾರನ್ನ?"

ಅಂದಿನಿಂದ ಅವಳಿಗೆ ಒಂದೇ ಹಟ. ಸ್ಲಾವೇಯ್ ಕರೆಂಟ್ ಇಲ್ಲದೆ ಸತ್ತ ಎಂದು ಸರ್ಕಾರದ ಕಾಗದದಲ್ಲಿ ಒಂದು ಸಾಲು ಬರೆಯಬೇಕು. ಪರಿಹಾರ ಬೇಡ, ಯಾರನ್ನೂ ಜೈಲಿಗೆ ಹಾಕುವುದು ಬೇಡ. ಒಂದು ಸಾಲು. ಎರಡು ಅರ್ಜಿ ಹಾಕಿದಳು. ಎರಡಕ್ಕೂ ಉತ್ತರ ಬರಲಿಲ್ಲ.

ಅಲ್ಲಿ ಯಾರಾದರೂ ಸತ್ತರೆ ಫೋಟೊ ಹಾಕಿ ಸಾವಿನ ಹಾಳೆ ಅಚ್ಚು ಹಾಕಿಸಿ, ಮನೆಯ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಕರೆಂಟ್ ಕಂಬಗಳಿಗೆ ಅಂಟಿಸುವುದು ರೂಢಿ. ನಲವತ್ತನೆಯ ದಿನಕ್ಕೆ ಇನ್ನೊಂದು, ಆರು ತಿಂಗಳಿಗೆ ಮತ್ತೊಂದು. ನಲವತ್ತನೆಯ ದಿನದ ಹಾಳೆಗಾಗಿ ಕೆರಾನಾ ಪಟ್ಟಣದ ಅಂಗಡಿಗೆ ಹೋದಳು. ಕೌಂಟರಿನ ಹುಡುಗಿ ರೆಡಿ ಪದ್ಯಗಳ ಪಟ್ಟಿ ಮುಂದಿಟ್ಟಳು.

"ಗಂಡಂದಿರಿಗೆ ನಾಲ್ಕನೇ ನಂಬರಿನ ಪದ್ಯ ಜಾಸ್ತಿ ಹೋಗ್ತದೆ, ಆಂಟಿ. ಏಳನೇದೂ ಚೆನ್ನಾಗಿದೆ, ಅದರಲ್ಲಿ ನಕ್ಷತ್ರ ಬರ್ತದೆ."

"ನಕ್ಷತ್ರ ಬೇಡಮ್ಮ. ಇದನ್ನ ಹಾಕು," ಎಂದು ಕೆರಾನಾ ತಾನು ಬರೆದುಕೊಂಡು ಹೋಗಿದ್ದ ಚೀಟಿ ಕೊಟ್ಟಳು.

ಹುಡುಗಿ ಎರಡು ಸಲ ಓದಿ, ಒಳಗೆ ಹೋಗಿ ಯಜಮಾನನನ್ನು ಕೇಳಿ ಬಂದು, ಅಚ್ಚು ಹಾಕಿ ಕೊಟ್ಟಳು. ಸ್ಲಾವೇಯ್‌ನ ಫೋಟೊದ ಕೆಳಗೆ ಹೀಗಿತ್ತು:

"ನಲವತ್ತು ದಿನ. ನನ್ನ ಗಂಡ ಸ್ಲಾವೇಯ್ ಕರೆಂಟ್ ಇಲ್ಲದೆ ಸತ್ತ. ಎರಡು ಗಂಟೆಯಲ್ಲಿ ಬರುತ್ತದೆ ಎಂದು ಕಂಪನಿ ಮೂರು ಸಲ ಹೇಳಿತು, ಬಂದದ್ದು ಆರನೆಯ ದಿನ. ಎರಡು ಗಂಟೆ ಎಂದು ಹೇಳಿ ಎಂದು ಕಂಪನಿಯೇ ನಮಗೆ ಕಲಿಸಿತ್ತು. ಇಪ್ಪತ್ತಾರು ವರ್ಷ ನಾನೂ ನಿಮಗೆಲ್ಲ ಅದನ್ನೇ ಹೇಳಿದ್ದೇನೆ. ಕ್ಷಮಿಸಿ. ಕೆರಾನಾ."

ಅಷ್ಟೂ ಹಾಳೆಗಳನ್ನು ಅವಳೇ ಅಂಟಿಸಿದಳು, ಊರಿನಿಂದ ಒರತೆಯವರೆಗಿನ ಒಂದೊಂದು ಕಂಬಕ್ಕೂ. ಮೊದಲ ದಿನ ಎದುರು ಸಿಕ್ಕವರು ಮುಖ ತಿರುಗಿಸಿದರು. ಎರಡನೆಯ ದಿನ ಅಸೆನ್ ಒಂದು ಬಾಟಲಿ ರಾಕಿಯಾ ಸಾರಾಯಿ ಹಿಡಿದು ಬಂದು ಅಂಗಳದ ಬೆಂಚಿನ ಮೇಲೆ ಕೂತ.

"ಆ ಕ್ಷಮಿಸಿ ಅನ್ನೋದು ಯಾಕೆ ಬೇಕಿತ್ತು, ಅಕ್ಕ? ಅವರನ್ನ ಬೈದಿದ್ರೆ ಸಾಕಾಗಿತ್ತು. ಈಗ ನಿನ್ನನ್ನೇ ಹಿಡ್ಕೋತಾರೆ."

"ಅವರನ್ನಷ್ಟೇ ಬೈದ್ರೆ ಅರ್ಧ ಸತ್ಯ ಆಗ್ತದೆ ಕಣೋ. ಅರ್ಧ ಹೇಳೀ ಹೇಳೀ ಸಾಕಾಗಿದೆ ನಂಗೆ."

ಇಬ್ಬರೂ ಒಂದೊಂದು ಹನಿ ನೆಲಕ್ಕೆ ಚೆಲ್ಲಿ ಸ್ಲಾವೇಯ್ ಹೆಸರಿನಲ್ಲಿ ಕುಡಿದರು. ಟ್ರ್ಯಾಕ್ಟರಿನ ಮಾತು ಅಸೆನ್ ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

ಹಾಳೆಯ ಫೋಟೊ ಹೇಗೋ ರಾಜಧಾನಿಯ ಪತ್ರಿಕೆಯೊಂದಕ್ಕೆ ಸೇರಿತು. ಶರತ್ಕಾಲದಲ್ಲಿ ಚುನಾವಣೆ ಇದ್ದದ್ದರಿಂದ ಉಪಮಂತ್ರಿ ಮೇ ತಿಂಗಳಲ್ಲಿ ಖುದ್ದಾಗಿ ಬಂದ. ಊರ ವಾಚನಾಲಯದ ಸಭಾಂಗಣದಲ್ಲಿ ಕೆರಾನಾಳ ಎರಡೂ ಕೈ ಹಿಡಿದುಕೊಂಡು, ಕ್ಯಾಮೆರಾ ಎಲ್ಲಿದೆ ಎಂದು ಒಮ್ಮೆ ನೋಡಿಕೊಂಡು, "ಅಮ್ಮಾ, ಇದರ ಬುಡದವರೆಗೂ ಹೋಗ್ತೀವಿ, ತಪ್ಪು ಮಾಡಿದೋರ ಹೆಸರು ಹೊರಗೆ ಬರ್ತದೆ," ಎಂದ. ಮೂರು ಜನರ ತನಿಖಾ ಸಮಿತಿ ನೇಮಕವಾಯಿತು. ಕೆರಾನಾಳಿಗೆ ಅವನ ಮೇಲೆ ನಂಬಿಕೆ ಹುಟ್ಟಲಿಲ್ಲ. ಆದರೂ ಸಮಿತಿ ಎಂದರೆ ಕಾಗದ, ಕಾಗದ ಎಂದರೆ ಸಾಲು ಎಂದು ಒಳಗೊಳಗೇ ಆಸೆ ಹುಟ್ಟಿತು.

ವಿಚಾರಣೆಯ ಹಿಂದಿನ ದಿನ ಲ್ಯೂಬೆನ್ ಫೋನ್ ಮಾಡಿದ.

"ಅಕ್ಕ, ಹಾಳೇಲಿ ನನ್ನ ಹೆಸರು ಹಾಕಿಲ್ಲ ನೀವು."

"ಹಾಕಿಲ್ಲ."

"ಆವತ್ತು ಗೋಡೆ ಮೇಲಿನ ನಕ್ಷೆಯಲ್ಲಿ ನಿಮ್ಮ ಬೆಟ್ಟ ಪೂರ್ತಿ ಕಪ್ಪಾಗಿತ್ತು, ಅಕ್ಕ. ಲೈನು ಎಲ್ಲಿ ತುಂಡಾಗಿದೆ ಅಂತಲೇ ಗೊತ್ತಿರಲಿಲ್ಲ. ಇದ್ದದ್ದು ಎರಡು ತಂಡ, ಅದರಲ್ಲೊಂದು ಹಿಮದಲ್ಲಿ ಹೂತಿತ್ತು. ಗೊತ್ತಿಲ್ಲ ಅಂದ್ರೆ ಮೇಲಿನವರು ಸಂಬಳ ಹಿಡೀತಾರೆ. ನೀವು ಅಂತ ಗೊತ್ತಾದಾಗ... ನಿಜ ಹೇಳೋಣ ಅಂತ ಬಾಯಿ ತೆಗೆದೆ. ಅಭ್ಯಾಸಕ್ಕೆ ಅದೇ ಬಂದುಬಿಡ್ತು."

ಕೆರಾನಾಳಿಗೆ ಸಿಟ್ಟು ಉಕ್ಕಿ ಬರಬೇಕಿತ್ತು, ಬಂದದ್ದು ಅಳು. ಅಭ್ಯಾಸಕ್ಕೆ ಬರುವುದು ಎಂದರೇನು ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಆ ಅಭ್ಯಾಸ ಮಾಡಿಸಿದೋಳು ನಾನೇ ಅಲ್ವೇನೋ," ಎಂದಳು. "ನಾಳೆ ನೀನು ಬಂದು ಅದನ್ನೇ ಹೇಳ್ತೀಯಾ?"

"ಇಬ್ಬರು ಮಕ್ಕಳಿದ್ದಾರೆ, ಅಕ್ಕ."

"ಸರಿ ಬಿಡು," ಎಂದು ಅವಳು ಫೋನ್ ಇಟ್ಟಳು.

ವಿಚಾರಣೆ ಜಿಲ್ಲಾ ಕಚೇರಿಯಲ್ಲಿ ನಡೆಯಿತು. ಸಮಿತಿಯ ಅಧ್ಯಕ್ಷ ಬೊಯಾಜಿಯೆವ್ ಎಂಬ ನರೆಗೂದಲಿನ ಮನುಷ್ಯ, ಮಾತು ಬೆಣ್ಣೆ. ಕಂಪನಿಯ ವಕೀಲ ಮೊದಲು ಎದ್ದು ಇಂಥ ಹಿಮ ಐವತ್ತು ವರ್ಷದಲ್ಲಿ ಬಿದ್ದಿಲ್ಲ ಎಂದ. ಅರಣ್ಯ ಇಲಾಖೆಯವನು ಮರಗಳ ನಕ್ಷೆ ಹರಡಿ, ಬಿದ್ದ ಮರದ ಬೇರು ತಮ್ಮದಿದ್ದರೂ ಬಿದ್ದ ಕೊಂಬೆ ಯಾರ ಗಡಿಯಲ್ಲಿತ್ತು ಎಂಬುದು ಇನ್ನೂ ಇತ್ಯರ್ಥವಾಗಬೇಕು ಎಂದ. ಆ ದಿನದ ಫೋನ್ ಮಾತುಗಳ ರೆಕಾರ್ಡಿಂಗ್ ಕೊಡಿ ಎಂದಾಗ, ಕಂಟ್ರೋಲ್ ರೂಮಿನ ರೆಕಾರ್ಡರಿಗೂ ಆವತ್ತು ಕರೆಂಟ್ ಇರಲಿಲ್ಲ ಎಂದು ಉತ್ತರ ಬಂತು. ಯಾರೂ ನಗಲಿಲ್ಲ. ನಗಬೇಕಾದ ಮಾತನ್ನು ನಗದೆ ಕೇಳುವುದಕ್ಕೂ ಅಧಿಕಾರಿಗಳಿಗೆ ಒಂದು ತರಬೇತಿ ಇರಬೇಕು.

ಕೆರಾನಾಳ ಸರದಿ ಬಂತು.

"ಎರಡು ಗಂಟೆ ಅಂತ ಹೇಳಿ ಅಂತ ಲಿಖಿತ ಆದೇಶ ಇತ್ತಾ, ಅಮ್ಮಾ?" ಬೊಯಾಜಿಯೆವ್ ಕೇಳಿದ.

"ಇಲ್ಲ. ಬಾಯಲ್ಲಿ ಹೇಳಿಕೊಟ್ರು. ಇಂಜಿನಿಯರ್ ತೊಪಾಲೊವ್."

"ಅವರನ್ನ ಕರೆಸಬಹುದಾ?"

"ಸತ್ತು ಒಂಬತ್ತು ವರ್ಷ ಆಯ್ತು."

"ಮಾರ್ಚಿನಲ್ಲಿ ಫೋನಲ್ಲಿ ನಿಮಗೆ ಹೇಳಿದೋರು ಯಾರು?"

ಗೋಡೆಯ ಪಕ್ಕದ ಕುರ್ಚಿಯಲ್ಲಿ ಲ್ಯೂಬೆನ್ ಕೂತಿದ್ದ. ಕಂಪನಿಯೇ ಕರೆತಂದಿತ್ತು. ಅವನು ತನ್ನ ಬೂಟಿನ ತುದಿ ನೋಡುತ್ತಿದ್ದ. ಕೆರಾನಾ ಅವನ ಕಡೆ ನೋಡದೆ ಇರಲು ತುಂಬ ಕಷ್ಟಪಟ್ಟಳು.

"ಕಂಟ್ರೋಲ್ ರೂಮಿನೋರು."

"ಹೆಸರು?"

"ಗೊತ್ತಿಲ್ಲ."

ಬದುಕಿನಲ್ಲಿ ಮೊದಲ ಸಲ ಅವಳು ಕೆಲಸದ ವಿಷಯದಲ್ಲಿ ಗೊತ್ತಿಲ್ಲ ಎಂದದ್ದು. ಅದೂ ಸುಳ್ಳೇ.

"ಕೊನೆಗೆ ನಿಮ್ಮ ಗಂಡನಿಗೆ ಆ ಮಾತು ಹೇಳಿದೋರು ಯಾರು?" ಬೊಯಾಜಿಯೆವ್ ಮೃದುವಾಗಿಯೇ ಕೇಳಿದ. "ಫೋನ್ ಹಿಂದಿನ ಸಂಜೆಯೇ ಸತ್ತಿತ್ತು ಅಂತ ನೀವೇ ಹೇಳಿದ್ದೀರಿ."

ಕೇಳದೇ ಹೋಗಿದ್ದರೆ ಅವಳು ಹೇಳುತ್ತಿರಲಿಲ್ಲವೇನೋ. ಕೇಳಿದ ಮೇಲೆ ಬಚ್ಚಿಡಲು ಮನಸ್ಸಾಗಲಿಲ್ಲ.

"ನಾನೇ," ಎಂದಳು. "ಅವನಿಗೆ ಹೆದರಿಕೆ ಆಗಬಾರದು ಅಂತ. ಟ್ರ್ಯಾಕ್ಟರ್ ಬಾಗಿಲಿಗೆ ಬಂದಿತ್ತು, ಬೇಡ ಅಂದೋಳೂ ನಾನೇ. ಎಲ್ಲಾ ಬರ್ಕೊಳ್ಳಿ. ಆದ್ರೆ ಅವನು ಕರೆಂಟ್ ಇಲ್ದೆ ಸತ್ತ ಅನ್ನೋದನ್ನೂ ಬರ್ಕೊಳ್ಳಿ, ಸ್ವಾಮಿ. ನಾನು ಕೇಳೋದು ಅದೊಂದೇ."

ಗುಮಾಸ್ತೆ ಬರೆದುಕೊಂಡಳು. ಅವಳ ಬೆರಳು ಕೀಲಿಗಳ ಮೇಲೆ ಓಡುವುದನ್ನು ಕೆರಾನಾ ಕೊನೆಯವರೆಗೂ ನೋಡುತ್ತ ನಿಂತಳು.

ಸೆಪ್ಟೆಂಬರಿನಲ್ಲಿ ರಿಜಿಸ್ಟರ್ಡ್ ಪತ್ರ ಬಂತು. ತಂದವಳು ವೆನೆತಾ, ವಾರಕ್ಕೆರಡು ಸಲ ವ್ಯಾನಿನಲ್ಲಿ ಬರುವ ಅಂಚೆಯವಳು. ಕೆರಾನಾ ಅಂಗಳದಲ್ಲಿ ಬೀನ್ಸ್ ಕಾಯಿ ಬಿಡಿಸುತ್ತ ಕೂತಿದ್ದಳು. ಕೈಯೆಲ್ಲ ಮಣ್ಣಾಗಿದೆ, ನೀನೇ ಒಡೆದು ಓದು ಎಂದಳು. ವೆನೆತಾ ಒಡೆದು ಗಟ್ಟಿಯಾಗಿ ಓದತೊಡಗಿದಳು.

ಹಿಮಪಾತ ಮನುಷ್ಯರ ಕೈ ಮೀರಿದ್ದು ಎಂದಿತ್ತು. ಮರದ ಒಡೆತನ ನಿರ್ಧಾರವಾಗಿಲ್ಲ, ಆದ್ದರಿಂದ ಹೊಣೆ ನಿಗದಿ ಮಾಡಲು ಬರುವುದಿಲ್ಲ ಎಂದಿತ್ತು. ಕಂಪನಿಯಿಂದ ಯಾವುದೇ ಆದೇಶ ಇದ್ದದ್ದಕ್ಕೆ ಸಾಕ್ಷ್ಯವಿಲ್ಲ ಎಂದಿತ್ತು. ಎರಡನೆಯ ಪುಟಕ್ಕೆ ಬಂದಾಗ ವೆನೆತಾಳ ದನಿ ಇಳಿಯಿತು.

"ಸ್ಲಾವೇಯ್ ಅವರ ಸಾವು ವಿದ್ಯುತ್ ಇಲ್ಲದ ಕಾರಣದಿಂದಲೇ ಸಂಭವಿಸಿದೆ ಎಂದು ಸಮಿತಿ ಒಪ್ಪುತ್ತದೆ."

ಕೆರಾನಾಳ ಕೈಯಿಂದ ಬೀನ್ಸ್ ಕಾಯಿ ಜಾರಿತು.

"ಇನ್ನೊಂದ್ಸಲ ಓದು."

ವೆನೆತಾ ಓದಿದಳು. ಆಮೇಲೆ ನಿಂತುಬಿಟ್ಟಳು.

"ಮುಂದೆ?"

"ಮುಂದಿನದು ಬೇಡ, ಅಕ್ಕ."

"ಓದೇ."

"ಆದರೆ ವಿದ್ಯುತ್ ಎರಡು ಗಂಟೆಯಲ್ಲಿ ಬರುವುದೆಂಬ ಆಧಾರವಿಲ್ಲದ ಮಾಹಿತಿ ನೀಡಿ, ರೋಗಿಯನ್ನು ಆಸ್ಪತ್ರೆಗೆ ಸಾಗಿಸದಂತೆ ಮಾಡಿದವರು ಕಂಪನಿಯ ಮಾಜಿ ನೌಕರರಾದ ಕೆರಾನಾ. ಇದನ್ನು ಅವರೇ ಒಪ್ಪಿಕೊಂಡಿದ್ದಾರೆ. ಪ್ರಕರಣದಲ್ಲಿ ಇನ್ನಾರ ತಪ್ಪೂ ಕಂಡುಬಂದಿಲ್ಲ." ವೆನೆತಾ ಕಾಗದವನ್ನು ಮಡಚಿದಳು, ಮತ್ತೆ ಬಿಚ್ಚಿದಳು. ಅವಳ ಮುಖ ಕೆಂಪಾಗಿತ್ತು. "ಇವರ ಮನೆ ಹಾಳಾಗ! ನಿನ್ನೆಸರು ಬರೆದಿದ್ದಾರಲ್ಲ ಅಕ್ಕ! ಹದಿನಾಲ್ಕು ದಿನ ಇದೆ, ಒಪ್ಪಲ್ಲ ಅಂತ ಬರೀಬಹುದು. ಕೆಳಗೆ ಹಾಕಿದ್ದಾರೆ ನೋಡು. ಒಪ್ಪೋದಾದ್ರೆ ಮಾತ್ರ ಇಲ್ಲಿ ಸಹಿ."

"ಒಪ್ಪಿದ್ರೆ?"

"ಮರಣಪತ್ರ ತಿದ್ದುತ್ತಾರಂತೆ. ವಿದ್ಯುತ್ ಇಲ್ಲದ ಕಾರಣ ಅಂತ."

"ಒಪ್ಪದಿದ್ರೆ ಆ ಸಾಲು ಇರ್ತದಾ?"

ವೆನೆತಾ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ಓದಿಕೊಂಡಳು.

"ಇಲ್ಲ. ಎಲ್ಲಾ ರದ್ದಾಗಿ ಮೊದಲಿಂದ ಶುರು ಅಂತೆ. ಹೊಸ ಸಮಿತಿ, ಚುನಾವಣೆ ಆದ ಮೇಲೆ."

ಕೆರಾನಾ ಎದ್ದು ನಲ್ಲಿಯ ಹತ್ತಿರ ಹೋದಳು. ಬೆರಳ ಸಂದಿಯ ಮಣ್ಣು ಹೋಗುವವರೆಗೆ ಕೈ ತೊಳೆದಳು, ಲಂಗಕ್ಕೆ ಒರೆಸಿಕೊಂಡು ಬಂದು ಬೆಂಚಿನ ಮೇಲೆ ಕೂತಳು. ಬೇಲಿಯಾಚೆ ಅ‌ಸೆನ್ ದಿಮ್ಮಿ ಇಳಿಸುತ್ತಿದ್ದ. ಅಂಚೆಯವಳ ದನಿ ಕೇಳಿ ಕೆಲಸ ನಿಲ್ಲಿಸಿ ಈ ಕಡೆ ನೋಡಿದ.

"ಪೆನ್ನು ಕೊಡು," ಎಂದಳು ಕೆರಾನಾ.

"ಅಕ್ಕ, ದಮ್ಮಯ್ಯ. ಸಹಿ ಹಾಕಿದ್ರೆ ನೀನೇ ಕೊಂದೆ ಅಂತ ಆಗ್ತದೆ."

"ಅವನು ಹೇಗೆ ಸತ್ತ ಅಂತಲೂ ಆಗ್ತದಲ್ಲ."

ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು, ಹಿಂದೆ ಬಿಲ್ಲುಗಳ ಮೇಲೆ ಬರೆಯುತ್ತಿದ್ದ ಹಾಗೆಯೇ ದುಂಡಗೆ, ತನ್ನ ಪೂರ್ತಿ ಹೆಸರು ಬರೆದಳು. ಬರೆದು ಮುಗಿಸಿದ ಮೇಲೂ ಪೆನ್ನು ಬಿಡಲಿಲ್ಲ. ವೆನೆತಾ ಪಕ್ಕದಲ್ಲಿ ಕೂತು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪೆನ್ನು ತೆಗೆದುಕೊಳ್ಳಬೇಕಾಯಿತು.